ನೋಂದಣಿ ಆಗಿದೆ, ಡೇಟಾ ಬರುತ್ತಿಲ್ಲ: 5ಜಿ ಕೋರ್ ಜಾಲದಲ್ಲಿ ಸೆಷನ್ ಕಟ್ಟಿ ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

ಮೈಸೂರು, ಮಂಡ್ಯದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಅಂತಿಮ ವರ್ಷದ ಪ್ರಾಜೆಕ್ಟಿಗೆಂದು 5ಜಿ ಕೋರ್ ಜಾಲವನ್ನು (ಮೊಬೈಲುಗಳನ್ನು ಗುರುತಿಸಿ ಅವುಗಳ ಡೇಟಾವನ್ನು ಹೊರ ಜಾಲಕ್ಕೆ ದಾಟಿಸುವ ಕೇಂದ್ರ ಭಾಗವನ್ನು) ಕಟ್ಟಲು ಕೂರುವ ವಿದ್ಯಾರ್ಥಿಗಳು ಹೆಚ್ಚಾಗಿ ಒಂದೇ ಜಾಗದಲ್ಲಿ ಸಿಕ್ಕಿಬೀಳುತ್ತಾರೆ. ಮೊಬೈಲ್ ಜಾಲಕ್ಕೆ ನೋಂದಣಿಯಾಗಿರುತ್ತದೆ, ಪರದೆಯ ಮೇಲೆ ಯಶಸ್ಸಿನ ಸಾಲು ಬಂದಿರುತ್ತದೆ, ಆದರೆ ಒಂದು ಪಿಂಗ್ (ದಾರಿ ಇದೆಯೇ ಎಂದು ನೋಡುವ ಪುಟ್ಟ ಪರೀಕ್ಷಾ ಸಂದೇಶ) ಕೂಡ ಆಚೆ ಹೋಗುವುದಿಲ್ಲ. ಆಗ ಎಲ್ಲವನ್ನೂ ನಿಲ್ಲಿಸಿ ಮತ್ತೆ ಶುರುಮಾಡುತ್ತಾರೆ, ಅದಕ್ಕೂ ಜಗ್ಗದಿದ್ದರೆ ಉಬುಂಟುವನ್ನೇ ಅಳಿಸಿ ಹೊಸದಾಗಿ ಹಾಕುತ್ತಾರೆ. ಇದರಿಂದ ಸಮಯ ಹೋಗುವುದಲ್ಲದೆ, ತಪ್ಪು ಎಲ್ಲಿತ್ತು ಎಂದು ತಿಳಿಸಬಹುದಾಗಿದ್ದ ಲಾಗ್, ಅಂದರೆ ಪ್ರೋಗ್ರಾಂ ಬರೆದಿಡುವ ದಾಖಲೆ, ಕೂಡ ಅಳಿಸಿಹೋಗುತ್ತದೆ.

ನೋಂದಣಿ ಬೇರೆ, ಸೆಷನ್ ಬೇರೆ. 4ಜಿಯಲ್ಲಿ ಸಾಮಾನ್ಯವಾಗಿ ಜಾಲಕ್ಕೆ ಸೇರುವಾಗಲೇ ಡೇಟಾ ದಾರಿಯೂ ಜೊತೆಗೇ ಸಿಗುತ್ತಿತ್ತು. 5ಜಿಯಲ್ಲಿ ಹಾಗಲ್ಲ. ಮೊಬೈಲ್ ಮೊದಲು ನೋಂದಣಿಯಾಗುತ್ತದೆ, ಆನಂತರ ಪ್ರತ್ಯೇಕವಾಗಿ ಪಿಡಿಯು ಸೆಷನ್, ಅಂದರೆ ಹೊರ ಜಾಲಕ್ಕೆ ಡೇಟಾ ಸಾಗುವ ದಾರಿಯನ್ನು, ಕೇಳುತ್ತದೆ. ಆ ಸೆಷನ್ ಹತ್ತಾರು ಸಂದೇಶಗಳ ಸರಪಳಿಯಾಗಿದ್ದು, ಕೊಂಡಿ ಎಲ್ಲಿ ತುಂಡಾಗಿದೆ ಎಂದು ಕಂಡುಹಿಡಿಯುವುದೇ ಇಲ್ಲಿನ ಕೆಲಸ. ಈ ಬರಹದಲ್ಲಿ ಹಂತಗಳ ಕ್ರಮವೇ ಮುಖ್ಯ. ಒಂದು ಹಂತ ಖಚಿತವಾಗದೆ ಮುಂದಿನದಕ್ಕೆ ಹೋಗಬೇಡಿ.

ಮೊದಲು ಯಾರು ಏನು ಮಾಡುತ್ತಾರೆ ಎಂಬುದು

ಸೆಷನ್‌ಗೆ ಸಂಬಂಧಪಟ್ಟಂತೆ ನಾಲ್ಕು ಪಾತ್ರಗಳನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು. ಎಎಂಎಫ್ ಮೊಬೈಲಿನೊಂದಿಗೆ ಮಾತನಾಡುತ್ತದೆ, ನೋಂದಣಿಯನ್ನು ನೋಡಿಕೊಳ್ಳುತ್ತದೆ. ಸೆಷನ್ ಕೋರಿಕೆ ಬಂದಾಗ ಅದರ ಒಳಗಿನ ಸಂದೇಶವನ್ನು ತಾನು ಬಿಡಿಸದೆ ಎಸ್‌ಎಂಎಫ್‌ಗೆ ದಾಟಿಸುತ್ತದೆ. ಎಸ್‌ಎಂಎಫ್ ಸೆಷನ್ನಿನ ಯಜಮಾನ: ಐಪಿ ವಿಳಾಸ, ಗುಣಮಟ್ಟದ ನಿಯಮ, ಯಾವ ಯುಪಿಎಫ್ ಎಂಬುದು ಅದರ ತೀರ್ಮಾನ. ಯುಪಿಎಫ್ ಡೇಟಾ ಪ್ಯಾಕೆಟ್ಟುಗಳನ್ನು ಸಾಗಿಸುತ್ತದೆ. ಜಿಎನ್‌ಬಿ, ಅಂದರೆ ಬೇಸ್ ಸ್ಟೇಷನ್, ಮೊಬೈಲಿಗೂ ಯುಪಿಎಫ್‌ಗೂ ನಡುವಿನ ದಾರಿ. ಚಂದಾದಾರರ ವಿವರಕ್ಕೆ ಯುಡಿಎಂ, ನಿಯಮಗಳಿಗೆ ಪಿಸಿಎಫ್, ಯಾರು ಎಲ್ಲಿದ್ದಾರೆ ಎಂಬ ಪಟ್ಟಿಗೆ ಎನ್‌ಆರ್‌ಎಫ್ ಇರುತ್ತವೆ.

ಮಂಡ್ಯದ ನಾಲಾ ಬಯಲಿನವರಿಗೆ ಎಸ್‌ಎಂಎಫ್ ಮತ್ತು ಯುಪಿಎಫ್‌ಗಳ ಸಂಬಂಧವನ್ನು ಹೇಳುವುದು ಸುಲಭ. ಯಾವ ಗದ್ದೆಗೆ ಎಷ್ಟು ನೀರು ಎಂದು ನಿರ್ಧರಿಸುವ ನೀರುಗಂಟಿ ಎಸ್‌ಎಂಎಫ್. ನೀರು ಹರಿಯುವ ತೂಬು ಯುಪಿಎಫ್. ನೀರುಗಂಟಿಯ ಮೈಮೇಲೆ ನೀರು ಹರಿಯುವುದಿಲ್ಲ, ತೂಬು ತಾನಾಗಿ ತೀರ್ಮಾನ ಮಾಡುವುದಿಲ್ಲ. ಇವೆರಡರ ನಡುವಿನ ಮಾತುಕತೆಗೆ ಎನ್4 ಎಂದು ಹೆಸರು, ಅಲ್ಲಿನ ಭಾಷೆ ಪಿಎಫ್‌ಸಿಪಿ. ಡೇಟಾ ಬರದಿದ್ದಾಗ ಮೊದಲು ಕೇಳಬೇಕಾದ ಪ್ರಶ್ನೆ: ತೊಂದರೆ ಆದೇಶದಲ್ಲಿದೆಯೇ, ಹರಿವಿನಲ್ಲಿದೆಯೇ?

ಬೇಕಾದ ಸಾಧನಗಳು

ಕೋರ್‌ಗೆ ಓಪನ್5ಜಿಎಸ್, ಬೇಸ್ ಸ್ಟೇಷನ್ ಮತ್ತು ಮೊಬೈಲಿನ ಬದಲಿಗೆ ಯುಇರಾನ್‌ಸಿಮ್, ಪ್ಯಾಕೆಟ್ ನೋಡಲು ವೈರ್‌ಶಾರ್ಕ್ ಮತ್ತು ಟಿಸಿಪಿಡಂಪ್. ಇವೆಲ್ಲವೂ ಉಚಿತ. 8 ಜಿಬಿ ಮೆಮೊರಿಯ ಒಂದು ಕಂಪ್ಯೂಟರಿನಲ್ಲಿ ವರ್ಚುವಲ್‌ಬಾಕ್ಸ್ ಹಾಕಿ ಎರಡು ಉಬುಂಟು ಯಂತ್ರಗಳನ್ನು ನಡೆಸಬಹುದು: ಒಂದರಲ್ಲಿ ಕೋರ್, ಇನ್ನೊಂದರಲ್ಲಿ ಬೇಸ್ ಸ್ಟೇಷನ್ ಮತ್ತು ಮೊಬೈಲ್. ಒಂದೇ ಯಂತ್ರದಲ್ಲಿ ಎಲ್ಲವನ್ನೂ ಹಾಕಿದರೆ ಬೇಗ ನಡೆಯುತ್ತದೆ ನಿಜ, ಆದರೆ ವಿಳಾಸಗಳ ತಪ್ಪುಗಳೆಲ್ಲ ಅಲ್ಲಿ ಮುಚ್ಚಿಹೋಗುತ್ತವೆ. ಕಲಿಯುವ ಉದ್ದೇಶವಿದ್ದರೆ ಎರಡು ಯಂತ್ರಗಳೇ ಸರಿ.

ಹಳೆಯ ಲ್ಯಾಬ್ ಕಂಪ್ಯೂಟರುಗಳಲ್ಲಿ ಒಂದು ಸಂಗತಿಯನ್ನು ಮೊದಲೇ ನೋಡಿ. ಚಂದಾದಾರರ ವಿವರವನ್ನಿಡುವ ಡೇಟಾಬೇಸ್ ಆದ ಮೊಂಗೋಡಿಬಿಯ 5 ಮತ್ತು ಅದರ ನಂತರದ ಆವೃತ್ತಿಗಳಿಗೆ ಪ್ರೊಸೆಸರಿನಲ್ಲಿ ಎವಿಎಕ್ಸ್ ಸೌಲಭ್ಯ ಬೇಕು. ಅದಿಲ್ಲದ ಯಂತ್ರದಲ್ಲಿ ಡೇಟಾಬೇಸ್ ಏಳುವುದೇ ಇಲ್ಲ. ಡೇಟಾಬೇಸ್ ಏಳದಿದ್ದರೆ ಚಂದಾದಾರರ ವಿವರ ಯಾರಿಗೂ ಸಿಗುವುದಿಲ್ಲ. ವಿದ್ಯಾರ್ಥಿ ಮಾತ್ರ ಸಿಮ್ಮಿನ ಕೀಲಿ ತಪ್ಪಿರಬೇಕೆಂದು ಹುಡುಕುತ್ತಿರುತ್ತಾನೆ. ಪ್ರೊಸೆಸರಿನ ಸೌಲಭ್ಯಗಳ ಪಟ್ಟಿಯಲ್ಲಿ ಎವಿಎಕ್ಸ್ ಇದೆಯೇ ಎಂದು ವರ್ಚುವಲ್ ಯಂತ್ರದ ಒಳಗಿನಿಂದಲೇ ನೋಡಬೇಕು, ಏಕೆಂದರೆ ಹೊರಗಿನ ಯಂತ್ರದಲ್ಲಿ ಇದ್ದರೂ ಒಳಗೆ ಕಾಣದಿರಬಹುದು.

ಇನ್ನೊಂದು ಎಚ್ಚರಿಕೆ. ಈ ಅಭ್ಯಾಸವನ್ನು ಸಿಮ್ಯುಲೇಟರಿನಲ್ಲೇ ಮಾಡಿ. ರೇಡಿಯೋ ಬೋರ್ಡ್ ಇದೆ ಎಂದು ಪರವಾನಗಿಯಿಲ್ಲದೆ ಮೊಬೈಲ್ ತರಂಗಾಂತರದಲ್ಲಿ ಪ್ರಸಾರ ಮಾಡುವುದು ಕಾನೂನುಬಾಹಿರ, ಸುತ್ತಲಿನವರ ಫೋನುಗಳಿಗೂ ತೊಂದರೆ. ಜಾಲದ ಸಂಕೇತವಾಗಿ ಭಾರತದ 404 ಅಥವಾ 405 ಬಳಸದೆ, ಓಪನ್5ಜಿಎಸ್‌ನಲ್ಲಿ ಮೊದಲಿನಿಂದಲೇ ಇರುವ 999 ಮತ್ತು 70 ಎಂಬುದನ್ನೇ ಉಳಿಸಿಕೊಳ್ಳಿ.

ಹಂತ 1: ವಿಳಾಸಗಳನ್ನು ಕಾಗದದ ಮೇಲೆ ಬರೆದುಕೊಳ್ಳುವುದು

ಕೀಬೋರ್ಡ್ ಮುಟ್ಟುವ ಮೊದಲು ಈ ಕೆಲಸ ಮುಗಿಯಬೇಕು. ವರ್ಚುವಲ್‌ಬಾಕ್ಸ್‌ನ ಸಾಮಾನ್ಯ ನ್ಯಾಟ್ (ಒಳಗಿನ ವಿಳಾಸವನ್ನು ಹೊರಗಿನದಕ್ಕೆ ಬದಲಿಸಿ ಕಳಿಸುವ) ಜಾಲದಲ್ಲಿ ಎರಡೂ ಯಂತ್ರಗಳಿಗೆ 10.0.2.15 ಎಂಬ ಒಂದೇ ವಿಳಾಸ ಬರುತ್ತದೆ, ಅವು ಪರಸ್ಪರ ಮಾತನಾಡಲಾರವು. ಆದ್ದರಿಂದ ಪ್ರತಿ ಯಂತ್ರಕ್ಕೂ ಎರಡನೆಯ ಜಾಲ ಕಾರ್ಡಾಗಿ ಹೋಸ್ಟ್-ಓನ್ಲಿ ಜಾಲವನ್ನು ಸೇರಿಸಿ. ಉದಾಹರಣೆಗೆ ಕೋರ್ ಯಂತ್ರಕ್ಕೆ 192.168.56.10, ಬೇಸ್ ಸ್ಟೇಷನ್ ಯಂತ್ರಕ್ಕೆ 192.168.56.20 ಎಂದಿಟ್ಟುಕೊಳ್ಳೋಣ. ಒಂದರಿಂದ ಇನ್ನೊಂದಕ್ಕೆ ಪಿಂಗ್ ಹೋಗುತ್ತಿದೆಯೇ ಎಂದು ನೋಡಿ.

ಓಪನ್5ಜಿಎಸ್‌ನ ಎಲ್ಲ ಭಾಗಗಳೂ ಮೊದಲಿಗೆ ಯಂತ್ರದ ಒಳಗಿನ 127ರಿಂದ ಆರಂಭವಾಗುವ ವಿಳಾಸಗಳಲ್ಲಿ ಇರುತ್ತವೆ: ಎಸ್‌ಎಂಎಫ್ 127.0.0.4, ಎಎಂಎಫ್ 127.0.0.5, ಯುಪಿಎಫ್ 127.0.0.7. ಇವುಗಳಲ್ಲಿ ಹೊರಗಿನಿಂದ ತಲುಪಬೇಕಾದವು ಎರಡೇ. ಎಎಂಎಫ್‌ನ ಸಂರಚನಾ ಕಡತದಲ್ಲಿ ಎನ್‌ಜಿಎಪಿ (ಜಿಎನ್‌ಬಿ ಮತ್ತು ಎಎಂಎಫ್ ಮಾತನಾಡುವ ಭಾಷೆ) ವಿಳಾಸ, ಯುಪಿಎಫ್ ಕಡತದಲ್ಲಿ ಜಿಟಿಪಿ-ಯು (ಜಿಎನ್‌ಬಿ ಮತ್ತು ಯುಪಿಎಫ್ ನಡುವೆ ಡೇಟಾ ಸಾಗಿಸುವ ಸುರಂಗ) ವಿಳಾಸ. ಎರಡನ್ನೂ 192.168.56.10 ಎಂದು ಬದಲಿಸಿ. ಎಸ್‌ಎಂಎಫ್ ಮತ್ತು ಯುಪಿಎಫ್ ನಡುವಿನ ಪಿಎಫ್‌ಸಿಪಿ ವಿಳಾಸಗಳನ್ನು ಮುಟ್ಟಬೇಡಿ, ಅವು ಒಂದೇ ಯಂತ್ರದಲ್ಲಿವೆ.

ಸೆಷನ್ ಕೆಲಸದಲ್ಲಿ ಆಗುವ ಅತಿ ದೊಡ್ಡ ತಪ್ಪಿನ ಬೀಜ ಇಲ್ಲಿಯೇ ಬೀಳುತ್ತದೆ: ಎಎಂಎಫ್ ವಿಳಾಸವನ್ನು ಬದಲಿಸಿ ಯುಪಿಎಫ್ ವಿಳಾಸವನ್ನು ಮರೆಯುವುದು. ಅದರ ಫಲ ಏಳನೆಯ ಹಂತದವರೆಗೂ ಕಾಣಿಸುವುದಿಲ್ಲ.

ಹಂತ 2: ಕೋರ್ ಎದ್ದಿದೆಯೇ, ಎನ್4 ಕೂಡಿದೆಯೇ

ಪ್ಯಾಕೇಜಿನ ಮೂಲಕ ಹಾಕಿದವರಿಗೆ ಎಲ್ಲ ಸೇವೆಗಳೂ ತಾವಾಗಿಯೇ ಏಳುತ್ತವೆ. ಮೂಲ ಕೋಡಿನಿಂದ ಕಟ್ಟಿಕೊಂಡವರು ಎನ್‌ಆರ್‌ಎಫ್ ಅನ್ನು ಮೊದಲು ಎಬ್ಬಿಸಬೇಕು, ಉಳಿದವು ಅದರಲ್ಲಿ ತಮ್ಮ ಹೆಸರು ಬರೆಸುತ್ತವೆ. ಎಎಂಎಫ್, ಎಸ್‌ಎಂಎಫ್, ಯುಪಿಎಫ್ ಇದ್ದರೆ ಸಾಕೆಂದುಕೊಂಡು ಯುಡಿಆರ್ (ಚಂದಾದಾರರ ದತ್ತಾಂಶ ಭಂಡಾರ) ಮತ್ತು ಬಿಎಸ್‌ಎಫ್ (ಯಾವ ಸೆಷನ್ ಯಾವ ಪಿಸಿಎಫ್ ಬಳಿ ಇದೆ ಎಂಬ ಲೆಕ್ಕ ಇಡುವುದು) ಇವೆರಡನ್ನು ಬಿಟ್ಟುಬಿಡುವುದು ಸಾಮಾನ್ಯ ತಪ್ಪು. ಓಪನ್5ಜಿಎಸ್‌ನಲ್ಲಿ ಪಿಸಿಎಫ್ ಅವೆರಡನ್ನೂ ನೆಚ್ಚಿಕೊಂಡಿದೆ.

ನಂತರ ಎಸ್‌ಎಂಎಫ್ ಲಾಗನ್ನು ತೆರೆದು ಯುಪಿಎಫ್ ಜೊತೆ ಪಿಎಫ್‌ಸಿಪಿ ಸಂಬಂಧ ಏರ್ಪಟ್ಟಿದೆ ಎಂಬ ಸಾಲನ್ನು ಹುಡುಕಿ. ಪಿಎಫ್‌ಸಿಪಿ ಯುಡಿಪಿಯ 8805ನೇ ಪೋರ್ಟಿನಲ್ಲಿ ನಡೆಯುತ್ತದೆ. ಸಂಬಂಧ ಏರ್ಪಟ್ಟ ಮೇಲೆ ಎರಡೂ ಕಡೆಯವರು ಆಗಾಗ ಹಾರ್ಟ್‌ಬೀಟ್ ಸಂದೇಶ ಕಳಿಸಿ ಇನ್ನೊಬ್ಬರು ಬದುಕಿದ್ದಾರೆಯೇ ಎಂದು ವಿಚಾರಿಸಿಕೊಳ್ಳುತ್ತಾರೆ. ಅದು ವೈರ್‌ಶಾರ್ಕ್‌ನಲ್ಲಿ ಕಾಣಬೇಕು. ಈ ಸಂಬಂಧವಿಲ್ಲದೆ ಯಾವ ಸೆಷನ್ನೂ ಹುಟ್ಟುವುದಿಲ್ಲ, ಆದರೆ ನೋಂದಣಿ ಮಾತ್ರ ಯಾವ ಅಡ್ಡಿಯೂ ಇಲ್ಲದೆ ನಡೆದುಬಿಡುತ್ತದೆ.

ಹಂತ 3: ಚಂದಾದಾರನನ್ನು ಸೇರಿಸುವುದು

ಓಪನ್5ಜಿಎಸ್‌ನ ವೆಬ್ ಪುಟದಲ್ಲಿ ಚಂದಾದಾರನ ಐಎಂಎಸ್‌ಐ (ಸಿಮ್ಮಿನ ಗುರುತಿನ ಸಂಖ್ಯೆ), ಕೆ ಕೀಲಿ (ಸಿಮ್ಮಿನ ಗುಪ್ತ ಕೀಲಿ), ಒಪಿಸಿ ಕೀಲಿ (ಜಾಲ ಸಂಸ್ಥೆಯ ಒಪಿ ಕೀಲಿಯಿಂದ ಆ ಸಿಮ್ಮಿಗೆಂದು ಪಡೆದದ್ದು) ಇವುಗಳನ್ನು ತುಂಬಿ. ಯುಇರಾನ್‌ಸಿಮ್‌ನ ಮೊಬೈಲ್ ಕಡತದಲ್ಲಿರುವುದು ಒಪಿಯೋ ಒಪಿಸಿಯೋ ಎಂಬುದನ್ನು ನೋಡಿ ವೆಬ್ ಪುಟದಲ್ಲೂ ಅದನ್ನೇ ಆರಿಸಿ. ಎರಡೂ 32 ಅಂಕಾಕ್ಷರಗಳ ಸಾಲುಗಳಾದ್ದರಿಂದ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದಲುಬದಲಾದರೆ ನೋಂದಣಿಯ ಹೊತ್ತಿನಲ್ಲೇ ದೃಢೀಕರಣ ಸೋಲುತ್ತದೆ.

ಸೆಷನ್‌ಗೆ ಬೇಕಾದುದು ಅದರ ಕೆಳಗಿನ ಭಾಗ: ಸ್ಲೈಸ್ (ಒಂದೇ ಜಾಲದೊಳಗೆ ಬೇರ್ಪಡಿಸಿದ ಪಾಲು) ಮತ್ತು ಡಿಎನ್‌ಎನ್. ಸ್ಲೈಸ್‌ಗೆ ಎಸ್‌ಎಸ್‌ಟಿ ಎಂಬ ಸಂಖ್ಯೆ ಕಡ್ಡಾಯ, ಎಸ್‌ಡಿ ಎಂಬುದು ಐಚ್ಛಿಕ. ಒಂದು ಕಡೆ ಎಸ್‌ಡಿ ತುಂಬಿ ಇನ್ನೊಂದು ಕಡೆ ಖಾಲಿ ಬಿಟ್ಟರೆ ಅವು ಬೇರೆ ಬೇರೆ ಸ್ಲೈಸ್‌ಗಳೆಂದೇ ಲೆಕ್ಕ. ಅಭ್ಯಾಸಕ್ಕೆ ಎಸ್‌ಎಸ್‌ಟಿ 1 ಎಂದಿಟ್ಟು ಎಸ್‌ಡಿಯನ್ನು ಎಲ್ಲ ಕಡೆಯೂ ಖಾಲಿ ಬಿಡಿ. ಡಿಎನ್‌ಎನ್ ಎಂದರೆ ಯಾವ ಹೊರ ಜಾಲಕ್ಕೆ ಹೋಗಬೇಕು ಎಂಬ ಹೆಸರು. ನಾಲ್ಕು ಕಡೆ, ಅಂದರೆ ಚಂದಾದಾರನ ವಿವರ, ಮೊಬೈಲ್ ಕಡತ, ಎಸ್‌ಎಂಎಫ್ ಕಡತ ಮತ್ತು ಯುಪಿಎಫ್ ಕಡತಗಳಲ್ಲಿ ಅದು ಒಂದಕ್ಕೊಂದು ಹೊಂದಬೇಕು. ಎಸ್‌ಎಂಎಫ್ ಮತ್ತು ಯುಪಿಎಫ್ ಕಡತಗಳಲ್ಲಿನ ವಿಳಾಸ ಗುಂಪು 10.45.0.0/16 ಕೂಡ ಒಂದೇ ಆಗಿರಬೇಕು.

ಹಂತ 4: ನೋಂದಣಿ ಮಾಡಿಸಿ, ಅಲ್ಲಿಯೇ ನಿಲ್ಲುವುದು

ಯುಇರಾನ್‌ಸಿಮ್‌ನ ಜಿಎನ್‌ಬಿ ಕಡತದಲ್ಲಿ ಎನ್‌ಜಿಎಪಿ ಮತ್ತು ಜಿಟಿಪಿ ವಿಳಾಸಗಳಿಗೆ 192.168.56.20, ಎಎಂಎಫ್ ವಿಳಾಸಕ್ಕೆ 192.168.56.10 ಕೊಟ್ಟು ಓಡಿಸಿ. ಎನ್‌ಜಿಎಪಿ ಎಸ್‌ಸಿಟಿಪಿಯ 38412ನೇ ಪೋರ್ಟಿನಲ್ಲಿ ನಡೆಯುತ್ತದೆ. ಎನ್‌ಜಿ ಸೆಟಪ್ ಯಶಸ್ವಿಯಾಯಿತೆಂಬ ಸಾಲು ಬರದಿದ್ದರೆ ಜಾಲ ಸಂಕೇತ, ಟ್ರ್ಯಾಕಿಂಗ್ ಪ್ರದೇಶದ ಸಂಖ್ಯೆ ಅಥವಾ ಸ್ಲೈಸ್ ಎರಡೂ ಕಡೆ ಹೊಂದುತ್ತಿದೆಯೇ ಎಂದು ನೋಡಿ.

ಈಗ ಮೊಬೈಲ್ ಕಡತದಲ್ಲಿರುವ ಸೆಷನ್ ಭಾಗವನ್ನು ತಾತ್ಕಾಲಿಕವಾಗಿ ಖಾಲಿ ಮಾಡಿ, ನೋಂದಣಿಯನ್ನಷ್ಟೇ ಮಾಡಿಸಿ. ಇದನ್ನು ಬಹಳ ಮಂದಿ ಮಾಡುವುದಿಲ್ಲ. ಮಾಡಿದರೆ ಎಷ್ಟೋ ಗೊಂದಲ ತಪ್ಪುತ್ತದೆ. ನೋಂದಣಿಯಾಗಿದೆ, ಸೆಷನ್ ಇಲ್ಲ ಎಂಬ ಸ್ಥಿತಿಯನ್ನು ಒಮ್ಮೆ ಕಣ್ಣಾರೆ ನೋಡಿದವರಿಗೆ ಎರಡರ ವ್ಯತ್ಯಾಸ ಮತ್ತೆಂದೂ ಮರೆಯುವುದಿಲ್ಲ. ಈ ಹೊತ್ತಿನಲ್ಲಿ ಎಸ್‌ಎಂಎಫ್ ಲಾಗಿನಲ್ಲಿ ಈ ಮೊಬೈಲಿನ ಸುಳಿವೇ ಇರುವುದಿಲ್ಲ.

ಹಂತ 5: ಸೆಷನ್ ಕೇಳಿ, ಸಂದೇಶಗಳನ್ನು ಒಂದೊಂದಾಗಿ ಹಿಂಬಾಲಿಸುವುದು

ಕೋರ್ ಯಂತ್ರದಲ್ಲಿ ಎಲ್ಲ ಇಂಟರ್‌ಫೇಸ್‌ಗಳ ಮೇಲೂ ಪ್ಯಾಕೆಟ್ ಸಂಗ್ರಹ ಆರಂಭಿಸಿ. ಬೇಸ್ ಸ್ಟೇಷನ್ ಯಂತ್ರದಲ್ಲೂ ಇನ್ನೊಂದು ಸಂಗ್ರಹ ನಡೆಯಲಿ. ಎರಡೂ ಯಂತ್ರಗಳ ಗಡಿಯಾರ ಹೊಂದಿರಲಿ, ಇಲ್ಲವಾದರೆ ಉತ್ತರವೇ ಪ್ರಶ್ನೆಗಿಂತ ಮೊದಲು ಬಂದಂತೆ ಲಾಗಿನಲ್ಲಿ ಕಾಣುತ್ತದೆ. ನಂತರ ಯುಇರಾನ್‌ಸಿಮ್ ಜೊತೆ ಬರುವ ಎನ್‌ಆರ್-ಸಿಎಲ್‌ಐ ಉಪಕರಣದಿಂದ ಸೆಷನ್ ಕೇಳುವ ಆದೇಶ ಕೊಡಿ: ಮಾದರಿ ಐಪಿವಿ4, ಎಸ್‌ಎಸ್‌ಟಿ 1, ಡಿಎನ್‌ಎನ್ ಹೆಸರು ಇಂಟರ್‌ನೆಟ್.

ಮೊದಲ ಕೊಂಡಿ ಮೊಬೈಲಿನಿಂದ ಎಎಂಎಫ್‌ಗೆ. ಕೋರಿಕೆಯಲ್ಲಿ ಎರಡು ಪದರಗಳಿವೆ. ಹೊರಗಿನ ಲಕೋಟೆಯ ಮೇಲೆ ಸೆಷನ್ ಸಂಖ್ಯೆ, ಡಿಎನ್‌ಎನ್, ಸ್ಲೈಸ್ ಇರುತ್ತವೆ. ಇವನ್ನು ಎಎಂಎಫ್ ಓದುತ್ತದೆ. ಒಳಗಿನ ಕೋರಿಕೆ ಎಸ್‌ಎಂಎಫ್‌ಗೆ ಸೇರಿದ್ದು. ಸೆಷನ್ ಸಂಖ್ಯೆಯನ್ನು 1ರಿಂದ 15ರೊಳಗೆ ಮೊಬೈಲೇ ಆರಿಸುತ್ತದೆ. ಓಪನ್5ಜಿಎಸ್ ಮೊದಲಿನಿಂದಲೇ ಗೂಢಲಿಪಿಯಿಲ್ಲದ ಆಯ್ಕೆಯನ್ನು ಮುಂದಿಟ್ಟಿರುವುದರಿಂದ ಈ ಸಂದೇಶವನ್ನು ನೇರವಾಗಿ ಓದಬಹುದು. ಓದಲಾಗದಿದ್ದರೆ ವೈರ್‌ಶಾರ್ಕ್‌ನ 5ಜಿ ನ್ಯಾಸ್ (ಮೊಬೈಲ್ ಮತ್ತು ಕೋರ್ ನಡುವಿನ ಸಂದೇಶಗಳ) ಆಯ್ಕೆಗಳಲ್ಲಿ ಶೂನ್ಯ ಗೂಢಲಿಪಿಯ ಸಂದೇಶಗಳನ್ನು ಬಿಡಿಸುವ ಗುರುತನ್ನು ಹಾಕಿ.

ಎರಡನೆಯದು ಎಎಂಎಫ್‌ನಿಂದ ಎಸ್‌ಎಂಎಫ್‌ಗೆ. ಎನ್‌ಆರ್‌ಎಫ್ ಪಟ್ಟಿಯಿಂದ ಎಸ್‌ಎಂಎಫ್ ಅನ್ನು ಆರಿಸಿ, ಸೆಷನ್ ಕಾಂಟೆಕ್ಸ್ಟ್ ಸೃಷ್ಟಿಸು ಎಂದು ಎಚ್‌ಟಿಟಿಪಿ/2ರಲ್ಲಿ ಕೇಳುತ್ತದೆ. ಓಪನ್5ಜಿಎಸ್‌ನಲ್ಲಿ ಇದು 7777ನೇ ಪೋರ್ಟ್. ಈ ಪೋರ್ಟನ್ನು ಎಚ್‌ಟಿಟಿಪಿ/2 ಎಂದು ಬಿಡಿಸುವಂತೆ ವೈರ್‌ಶಾರ್ಕ್‌ಗೆ ಹೇಳಬೇಕಾಗಬಹುದು. ಎಸ್‌ಎಂಎಫ್ ಯುಡಿಎಂನಿಂದ ಚಂದಾದಾರನ ಸೆಷನ್ ವಿವರವನ್ನು ತರಿಸಿಕೊಂಡು 201 ಎಂಬ ಉತ್ತರ ಕೊಡುತ್ತದೆ. ಈ 201ನ್ನು ಕಂಡು ಸೆಷನ್ ಆಯಿತು ಎಂದುಕೊಳ್ಳಬೇಡಿ. ಅರ್ಜಿ ಸ್ವೀಕಾರವಾಗಿದೆ, ಅಷ್ಟೇ.

ಮೂರನೆಯದು ಪಿಸಿಎಫ್‌ನಿಂದ ನಿಯಮ ಪಡೆಯುವುದು: ಒಟ್ಟು ವೇಗದ ಮಿತಿ, ಡೇಟಾ ಹರಿವಿನ ದರ್ಜೆ. ಸಾಮಾನ್ಯ ಇಂಟರ್‌ನೆಟ್ ಸೆಷನ್‌ಗೆ ದರ್ಜೆಯ ಸಂಖ್ಯೆ 9, ಧ್ವನಿ ಕರೆಗೆ 1.

ನಾಲ್ಕನೆಯ ಕೊಂಡಿಯೇ ಹೃದಯ. ಎಸ್‌ಎಂಎಫ್ ಯುಪಿಎಫ್‌ಗೆ ಪಿಎಫ್‌ಸಿಪಿ ಸೆಷನ್ ಸ್ಥಾಪನೆಯ ಕೋರಿಕೆ ಕಳಿಸುತ್ತದೆ. ಅದನ್ನು ಬಿಡಿಸಿ ನೋಡಿದರೆ ಪಿಡಿಆರ್ ಮತ್ತು ಎಫ್‌ಎಆರ್ ಎಂಬ ಜೋಡಿಗಳು ಕಾಣುತ್ತವೆ. ಯಾವ ಪ್ಯಾಕೆಟ್ ಎಂದು ಗುರುತಿಸುವುದು ಪಿಡಿಆರ್, ಗುರುತಿಸಿದ ಮೇಲೆ ಏನು ಮಾಡಬೇಕೆಂದು ಹೇಳುವುದು ಎಫ್‌ಎಆರ್: ಮುಂದೆ ಕಳಿಸು, ತಡೆದಿಡು ಅಥವಾ ಬಿಸಾಡು. ಮೊಬೈಲಿನಿಂದ ಹೊರಕ್ಕೆ ಹೋಗುವ ದಿಕ್ಕಿಗೆ ಒಂದು ಜೋಡಿ, ಹೊರಗಿನಿಂದ ಮೊಬೈಲಿಗೆ ಬರುವ ದಿಕ್ಕಿಗೆ ಇನ್ನೊಂದು. ಹೊರಕ್ಕೆ ಹೋಗುವ ದಿಕ್ಕು ಈಗಲೇ ಸಿದ್ಧವಾಗುತ್ತದೆ, ಏಕೆಂದರೆ ಯುಪಿಎಫ್ ತನ್ನ ಸುರಂಗದ ಸಂಖ್ಯೆಯನ್ನು, ಅಂದರೆ ಟಿಇಐಡಿಯನ್ನು, ತಾನೇ ಕೊಡಬಲ್ಲದು. ಆದರೆ ಮೊಬೈಲಿಗೆ ಬರುವ ದಿಕ್ಕಿಗೆ ಜಿಎನ್‌ಬಿಯ ಟಿಇಐಡಿ ಬೇಕು, ಅದು ಇನ್ನೂ ಯಾರಿಗೂ ಗೊತ್ತಿಲ್ಲ. ಹೀಗಾಗಿ ಆ ದಿಕ್ಕಿನ ಬಾಗಿಲು ಸದ್ಯಕ್ಕೆ ಮುಚ್ಚಿಯೇ ಇರುತ್ತದೆ.

ಐದನೆಯದಾಗಿ ಎಸ್‌ಎಂಎಫ್ ಎರಡು ಪತ್ರಗಳನ್ನು ಒಟ್ಟಿಗೆ ಎಎಂಎಫ್‌ಗೆ ಕೊಡುತ್ತದೆ. ಒಂದು ಮೊಬೈಲಿಗೆ ಹೋಗಬೇಕಾದ ಒಪ್ಪಿಗೆ, ಐಪಿ ವಿಳಾಸ ಅದರಲ್ಲೇ ಇರುತ್ತದೆ. ಇನ್ನೊಂದು ಜಿಎನ್‌ಬಿಗೆ ಹೋಗಬೇಕಾದುದು, ಅದರಲ್ಲಿ ಯುಪಿಎಫ್‌ನ ಜಿಟಿಪಿ ವಿಳಾಸ ಮತ್ತು ಟಿಇಐಡಿ ಇರುತ್ತವೆ. ಎಎಂಎಫ್ ಇವೆರಡನ್ನೂ ಪಿಡಿಯು ಸೆಷನ್ ಸಂಪನ್ಮೂಲ ಸಿದ್ಧತೆಯ ಕೋರಿಕೆಯಾಗಿ ಜಿಎನ್‌ಬಿಗೆ ಕಳಿಸುತ್ತದೆ. ಈ ಕೋರಿಕೆಯೊಳಗಿನ ಯುಪಿಎಫ್ ವಿಳಾಸವನ್ನು ಓದಿ ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಆರನೆಯದು ಹಿಂದಿರುಗುವ ದಾರಿ. ಜಿಎನ್‌ಬಿ ತನ್ನ ವಿಳಾಸವನ್ನೂ ಟಿಇಐಡಿಯನ್ನೂ ಉತ್ತರದಲ್ಲಿ ಕೊಡುತ್ತದೆ. ಎಎಂಎಫ್ ಅದನ್ನು ಎಸ್‌ಎಂಎಫ್‌ಗೆ ದಾಟಿಸುತ್ತದೆ. ಎಸ್‌ಎಂಎಫ್ ಯುಪಿಎಫ್‌ಗೆ ಪಿಎಫ್‌ಸಿಪಿ ಸೆಷನ್ ತಿದ್ದುಪಡಿಯನ್ನು ಕಳಿಸುತ್ತದೆ. ಈ ತಿದ್ದುಪಡಿ ಆದ ಮೇಲಷ್ಟೇ ಹೊರಗಿನಿಂದ ಮೊಬೈಲಿಗೆ ದಾರಿ ತೆರೆಯುವುದು. ಸ್ಥಾಪನೆ ಒಮ್ಮೆ, ತಿದ್ದುಪಡಿ ಒಮ್ಮೆ: ಒಂದು ಸೆಷನ್‌ಗೆ ಇವೆರಡೂ ಸಂಗ್ರಹದಲ್ಲಿ ಕಾಣಬೇಕು, ಎರಡಕ್ಕೂ ಬಂದ ಉತ್ತರದಲ್ಲಿ ಕಾರಣ ಸಂಖ್ಯೆ 1, ಅಂದರೆ ಒಪ್ಪಿಗೆ, ಇರಬೇಕು. ತಿದ್ದುಪಡಿ ಕಾಣದಿದ್ದರೆ ಜಿಎನ್‌ಬಿಯ ಉತ್ತರ ಎಲ್ಲಿ ನಿಂತಿತು ಎಂದು ಹಿಂದಕ್ಕೆ ಹುಡುಕುತ್ತಾ ಹೋಗಿ.

ಹಂತ 6: ಸೆಷನ್ ನಿರಾಕರಣೆಯಾದರೆ

ನಿರಾಕರಣೆ ಕೆಟ್ಟ ಸುದ್ದಿಯಲ್ಲ, ಅದರಲ್ಲಿ ಕಾರಣ ಸಂಖ್ಯೆ ಇರುತ್ತದೆ. ಮೊದಲು ನಿರಾಕರಿಸಿದವರು ಯಾರು ಎಂದು ನೋಡಿ. ಎಸ್‌ಎಂಎಫ್ ಲಾಗಿನಲ್ಲಿ ಏನೂ ಇಲ್ಲದೆ ಮೊಬೈಲ್ ಲಾಗಿನಲ್ಲಿ 193ನೇ ಮಾದರಿಯ ಸಂದೇಶವನ್ನು ದಾಟಿಸಲಾಗಲಿಲ್ಲ ಎಂದು ಬಂದರೆ, ಕೋರಿಕೆ ಎಎಂಎಫ್ ಬಾಗಿಲಲ್ಲೇ ನಿಂತಿದೆ. 193 ಎಂದರೆ ಸೆಷನ್ ಸ್ಥಾಪನೆಯ ಕೋರಿಕೆಯೇ. ಅದರ ಜೊತೆಗಿನ ಕಾರಣ 91 ಆಗಿದ್ದರೆ ಆ ಸ್ಲೈಸಿನಲ್ಲಿ ಆ ಡಿಎನ್‌ಎನ್‌ಗೆ ಚಂದಾ ಇಲ್ಲ ಎಂದರ್ಥ. ಹಂತ 3ಕ್ಕೆ ಮರಳಿ ಹೆಸರನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ. ಕಾರಣ 90 ಎಂದರೆ ಕೋರಿಕೆ ಮುಂದಕ್ಕೆ ಹೋಗಲಿಲ್ಲ. ಎನ್‌ಆರ್‌ಎಫ್ ಪಟ್ಟಿಯಲ್ಲಿ ಎಸ್‌ಎಂಎಫ್ ಇದೆಯೇ ಎಂದು ಮೊದಲು ನೋಡಿ.

ಎಸ್‌ಎಂಎಫ್ ತಾನೇ ನಿರಾಕರಿಸಿದ್ದರೆ ಸಂಖ್ಯೆಗಳು ಬೇರೆ. 27 ಎಂದರೆ ಡಿಎನ್‌ಎನ್ ಇಲ್ಲ ಅಥವಾ ಗೊತ್ತಿಲ್ಲ. 70 ಎಂದರೆ ಆ ಸ್ಲೈಸಿನೊಳಗೆ ಅದು ಗೊತ್ತಿಲ್ಲ. 33 ಎಂದರೆ ಕೇಳಿದ ಸೇವೆಗೆ ಚಂದಾ ಇಲ್ಲ. 50 ಎಂದರೆ ಐಪಿವಿ4 ಮಾತ್ರ ಸಿಗುತ್ತದೆ, 51 ಎಂದರೆ ಐಪಿವಿ6 ಮಾತ್ರ. 26 ಎಂದರೆ ಸಂಪನ್ಮೂಲ ಸಾಲದು; ಇದರ ಜೊತೆ ಕಾಯುವ ಅವಧಿಯೂ ಬರಬಹುದು, ಆ ಅವಧಿ ಮುಗಿಯುವವರೆಗೆ ಮೊಬೈಲ್ ಅದೇ ಡಿಎನ್‌ಎನ್‌ಗೆ ಮತ್ತೆ ಕೇಳಬಾರದು.

ಈ 26ರ ಬಗ್ಗೆ ಒಂದು ಮಾತು. ದಸರಾ ದಿನ ಬನ್ನಿಮಂಟಪದ ಮೈದಾನದಲ್ಲಿ ಪಂಜಿನ ಕವಾಯತು ನೋಡಲು ಸೇರಿದ ಜನರ ಫೋನುಗಳಲ್ಲಿ ಡೇಟಾ ನಿಂತರೆ ಅದನ್ನು ಈ ಸಂಖ್ಯೆಗೆ ಉದಾಹರಣೆಯಾಗಿ ವಿದ್ಯಾರ್ಥಿಗಳು ಹೇಳುವುದುಂಟು. ಅಂಥ ಜನಜಂಗುಳಿಯಲ್ಲಿ ಸಾಮಾನ್ಯವಾಗಿ ಮೊದಲು ಸಾಲದಾಗುವುದು ರೇಡಿಯೋ ದಾರಿ. ಸೆಷನ್ ಹಾಗೆಯೇ ಉಳಿದಿರುತ್ತದೆ, ಐಪಿ ವಿಳಾಸವೂ ಇರುತ್ತದೆ. ಪ್ಯಾಕೆಟ್ಟುಗಳಿಗೆ ಸರದಿ ಸಿಗುವುದಿಲ್ಲ. ರೇಡಿಯೋ ತೊಂದರೆಯನ್ನೂ ಸೆಷನ್ ತೊಂದರೆಯನ್ನೂ ಒಂದೇ ಎಂದು ಬರೆದರೆ ಪ್ರಾಜೆಕ್ಟ್ ವರದಿಯ ವಾದವೇ ಬಿದ್ದುಹೋಗುತ್ತದೆ.

ಉತ್ತರವೇ ಬರದಿರುವುದು ನಿರಾಕರಣೆಗಿಂತ ಕಷ್ಟದ ಸ್ಥಿತಿ. ನಿಯಮದ ಪ್ರಕಾರ ಮೊಬೈಲ್ ಕೋರಿಕೆ ಕಳಿಸಿ ಟಿ3580 ಎಂಬ 16 ಸೆಕೆಂಡಿನ ಟೈಮರ್ ಹಚ್ಚುತ್ತದೆ. ಉತ್ತರ ಬರದಿದ್ದರೆ ನಾಲ್ಕು ಬಾರಿ ಮತ್ತೆ ಕಳಿಸಿ, ಐದನೆಯ ಬಾರಿ ಟೈಮರ್ ಮುಗಿದಾಗ ಕೈಬಿಡುತ್ತದೆ. 16 ಸೆಕೆಂಡಿಗೊಮ್ಮೆ ಅದೇ ಕೋರಿಕೆ ಕಾಣುತ್ತಿದ್ದರೆ ಒಳಗಿನ ಯಾವುದೋ ಸೇವೆ ಮೌನವಾಗಿದೆ. ಎಸ್‌ಎಂಎಫ್ ಯಾರಿಗೆ ಕೇಳಿ ಉತ್ತರವಿಲ್ಲದೆ ಕಾಯುತ್ತಿದೆ ಎಂಬುದನ್ನು ಅದರ ಲಾಗಿನ ಕೊನೆಯ ಸಾಲುಗಳಲ್ಲಿ ಹುಡುಕಿ.

ಹಂತ 7: ಐಪಿ ಬಂದಿದೆ, ಪ್ಯಾಕೆಟ್ ಹೋಗುತ್ತಿಲ್ಲ

ಮೊಬೈಲ್ ಯಂತ್ರದಲ್ಲಿ ಯುಇಸಿಮ್‌ಟನ್0 ಎಂಬ ಹೊಸ ಇಂಟರ್‌ಫೇಸ್ ಹುಟ್ಟಿ ಅದಕ್ಕೆ 10.45.0.2ರಂಥ ವಿಳಾಸ ಬಂದರೆ ಸೆಷನ್ ಆಗಿದೆ ಎಂದು ಸಂತೋಷಪಡುವುದು ಸಹಜ. ಆದರೆ ಆ ವಿಳಾಸವನ್ನು ಕೊಟ್ಟದ್ದು ಎಸ್‌ಎಂಎಫ್, ಅದು ಬಂದದ್ದು ಎಎಂಎಫ್ ಮೂಲಕ. ಡೇಟಾ ದಾರಿ ಸರಿಯಿದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಪಿಂಗ್ ಮಾಡುವಾಗ ಈ ಇಂಟರ್‌ಫೇಸಿನ ಹೆಸರನ್ನು ಕಡ್ಡಾಯವಾಗಿ ಕೊಡಿ. ಕೊಡದಿದ್ದರೆ ಪ್ಯಾಕೆಟ್ ಯಂತ್ರದ ಮಾಮೂಲಿ ಜಾಲದಿಂದ ಹೋಗಿ ಸುಳ್ಳು ಯಶಸ್ಸು ತೋರುತ್ತದೆ. ಮೊದಲು 10.45.0.1ಕ್ಕೆ ಪಿಂಗ್ ಮಾಡಿ. ಅದು ಯುಪಿಎಫ್ ಯಂತ್ರದ ಒಗ್ಸ್‌ಟನ್ ಎಂಬ ಇಂಟರ್‌ಫೇಸಿನ ವಿಳಾಸ. ಆನಂತರವೇ ಹೊರಗಿನ ವಿಳಾಸ, ಅದಾದ ಮೇಲೆ ಜಾಲತಾಣದ ಹೆಸರಿನ ಪರೀಕ್ಷೆ. ಕೆಲವು ಕ್ಯಾಂಪಸ್ ಜಾಲಗಳಲ್ಲಿ ಪಿಂಗ್ ಅನ್ನೇ ತಡೆದಿರುತ್ತಾರೆ, ಆದ್ದರಿಂದ ಕೋರ್ ಯಂತ್ರದಿಂದ ನೇರವಾಗಿ ಹೊರಕ್ಕೆ ಪಿಂಗ್ ಹೋಗುತ್ತದೆಯೇ ಎಂದು ಮುಂಚೆಯೇ ನೋಡಿರಿ.

10.45.0.1 ಉತ್ತರಿಸದಿದ್ದರೆ ತೊಂದರೆ ಎನ್3ರಲ್ಲಿ, ಅಂದರೆ ಜಿಎನ್‌ಬಿ ಮತ್ತು ಯುಪಿಎಫ್ ನಡುವೆ ಇದೆ. ಅಲ್ಲಿನ ಜಿಟಿಪಿ-ಯು ಯುಡಿಪಿ 2152ನೇ ಪೋರ್ಟಿನಲ್ಲಿ ಸಾಗುತ್ತದೆ. ಕೋರ್ ಯಂತ್ರದಲ್ಲಿ ಆ ಪೋರ್ಟಿಗೆ ಏನೂ ಬಾರದಿದ್ದರೆ ಹಂತ 5ರಲ್ಲಿ ಬರೆದಿಟ್ಟ ಯುಪಿಎಫ್ ವಿಳಾಸವನ್ನು ನೋಡಿ. ಅಲ್ಲಿ 127.0.0.7 ಎಂದಿದ್ದರೆ ಹಂತ 1ರ ಮರೆವು ಈಗ ಕೈಗೆ ಸಿಕ್ಕಿತು. ಜಿಎನ್‌ಬಿ ತನಗೆ ಕೊಟ್ಟ ವಿಳಾಸವನ್ನು ನಂಬಿ ತನ್ನ ಯಂತ್ರದೊಳಗಿನ 127.0.0.7ಕ್ಕೇ ಪ್ಯಾಕೆಟ್ ಕಳಿಸುತ್ತಿದೆ. ಬೇಸ್ ಸ್ಟೇಷನ್ ಯಂತ್ರದ ಲೂಪ್‌ಬ್ಯಾಕ್ ಇಂಟರ್‌ಫೇಸಿನಲ್ಲಿ ಸಂಗ್ರಹಿಸಿದರೆ ಪ್ರತಿ ಪಿಂಗಿಗೂ ಒಂದು ಜಿಟಿಪಿ ಪ್ಯಾಕೆಟ್ ಹೊರಡುವುದು, ಅದರ ಬೆನ್ನಿಗೇ ಆ ಪೋರ್ಟ್ ತಲುಪಲಾಗದು ಎಂಬ ಐಸಿಎಂಪಿ ಉತ್ತರ ಬರುವುದು ಕಾಣಬಹುದು. ಕೋರ್‌ನ ಯಾವ ಲಾಗಿನಲ್ಲೂ ದೋಷದ ಒಂದು ಸಾಲೂ ಇರುವುದಿಲ್ಲ, ಏಕೆಂದರೆ ಕೋರ್‌ನ ದೃಷ್ಟಿಯಲ್ಲಿ ಎಲ್ಲವೂ ಸರಿಯಾಗಿಯೇ ನಡೆದಿದೆ. ಯುಪಿಎಫ್ ಕಡತವನ್ನು ತಿದ್ದಿ, ಸೇವೆಯನ್ನು ಮತ್ತೆ ಎಬ್ಬಿಸಿ, ಸೆಷನ್ನನ್ನು ಬಿಡುಗಡೆ ಮಾಡಿ ಹೊಸದಾಗಿ ಕೇಳಿ.

10.45.0.1 ಉತ್ತರಿಸಿ ಹೊರಗಿನ ವಿಳಾಸ ಉತ್ತರಿಸದಿದ್ದರೆ ತೊಂದರೆ ಎನ್6ರಲ್ಲಿ, ಅಂದರೆ ಯುಪಿಎಫ್ ಮತ್ತು ಹೊರ ಜಾಲದ ನಡುವೆ ಇದೆ. ಇದು ಬರಿಯ ಲಿನಕ್ಸ್ ರೂಟಿಂಗ್ ಕೆಲಸ. ಒಗ್ಸ್‌ಟನ್ ಮೇಲೆ ಪ್ಯಾಕೆಟ್ ಕಂಡು ಹೊರ ಇಂಟರ್‌ಫೇಸಿನಲ್ಲಿ ಕಾಣದಿದ್ದರೆ ಐಪಿ ಫಾರ್ವರ್ಡಿಂಗ್ ಆನ್ ಆಗಿಲ್ಲ, ಅಥವಾ ಫೈರ್‌ವಾಲ್ ತಡೆದಿದೆ. ಹೊರ ಇಂಟರ್‌ಫೇಸಿನಲ್ಲಿ 10.45.0.2 ಎಂಬ ಮೂಲ ವಿಳಾಸದೊಂದಿಗೇ ಹೋಗುತ್ತಿದ್ದರೆ ನ್ಯಾಟ್ ನಿಯಮ ಹಾಕಿಲ್ಲ. ಆ ವಿಳಾಸಕ್ಕೆ ಉತ್ತರ ಮರಳುವ ದಾರಿಯನ್ನು ಹೊರಗಿನ ಯಾವ ರೂಟರೂ ಅರಿಯದು. ಯಂತ್ರವನ್ನು ಮರುಚಾಲನೆ ಮಾಡಿದಾಗ ಇವೆರಡೂ ಅಳಿಸಿಹೋಗುವುದು ಸಾಮಾನ್ಯ. ನಿನ್ನೆ ನಡೆಯುತ್ತಿದ್ದುದು ಇಂದು ನಡೆಯುತ್ತಿಲ್ಲ ಎನ್ನುವವರು ಮೊದಲು ನೋಡಬೇಕಾದದ್ದು ಇದನ್ನೇ.

ಸಣ್ಣ ಪಿಂಗ್ ಹೋಗಿ ದೊಡ್ಡ ಪುಟಗಳು ಅರ್ಧಕ್ಕೆ ನಿಂತರೆ ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ, ಎಷ್ಟಿದೆ ನೋಡಿ. ಜಿಟಿಪಿ ಸುರಂಗ ಪ್ರತಿ ಪ್ಯಾಕೆಟ್ಟಿಗೂ ಹೊರ ಐಪಿ 20, ಯುಡಿಪಿ 8, ಜಿಟಿಪಿ ಮತ್ತು ಅದರ ವಿಸ್ತರಣೆ 16, ಹೀಗೆ 44 ಬೈಟ್‌ಗಳನ್ನು ಸೇರಿಸುತ್ತದೆ. ಮೊಬೈಲ್ 1500ರ ಪ್ಯಾಕೆಟ್ ಕಳಿಸಿದರೆ ಅದು ಎನ್3ರಲ್ಲಿ ಹಿಡಿಯುವುದಿಲ್ಲ. ಓಪನ್5ಜಿಎಸ್ ಎಸ್‌ಎಂಎಫ್ ಕಡತದಲ್ಲಿ 1400 ಎಂದಿರುವುದು ಇದೇ ಕಾರಣಕ್ಕೆ, ಅದನ್ನು ಹೆಚ್ಚಿಸಬೇಡಿ.

ಹಂತ 8: ಸೆಷನ್ ನಿದ್ದೆಗೆ ಹೋಗುವುದು, ಏಳುವುದು, ಜಾಗ ಬದಲಿಸುವುದು

ಮೊಬೈಲ್ ಸುಮ್ಮನಿದ್ದಾಗ ರೇಡಿಯೋ ಸಂಪರ್ಕ ಕಡಿದುಹೋಗುತ್ತದೆ, ಆದರೆ ಸೆಷನ್ ಸಾಯುವುದಿಲ್ಲ. ಎಸ್‌ಎಂಎಫ್ ಯುಪಿಎಫ್‌ಗೆ ಇನ್ನೊಂದು ತಿದ್ದುಪಡಿ ಕಳಿಸಿ ಮೊಬೈಲಿಗೆ ಬರುವ ಪ್ಯಾಕೆಟ್ಟನ್ನು ತಡೆದಿಟ್ಟು ತನಗೆ ತಿಳಿಸುವಂತೆ ಹೇಳುತ್ತದೆ. ಇದನ್ನು ನೋಡಲು ಜಿಎನ್‌ಬಿಯ ಎನ್‌ಆರ್-ಸಿಎಲ್‌ಐ ಮೂಲಕ ಮೊಬೈಲಿನ ಸಂಪರ್ಕವನ್ನು ಬಿಡಿಸಿ, ನಂತರ ಕೋರ್ ಯಂತ್ರದಿಂದ 10.45.0.2ಕ್ಕೆ ಪಿಂಗ್ ಮಾಡಿ. ಯುಪಿಎಫ್ ವರದಿ, ಎಎಂಎಫ್‌ನ ಪೇಜಿಂಗ್ (ಮೊಬೈಲನ್ನು ಕೂಗಿ ಎಬ್ಬಿಸುವುದು), ಮೊಬೈಲಿನ ಸೇವಾ ಕೋರಿಕೆ, ಮತ್ತೆ ಪಿಎಫ್‌ಸಿಪಿ ತಿದ್ದುಪಡಿ, ಇವು ಇದೇ ಕ್ರಮದಲ್ಲಿ ಬರಬೇಕು. ಐಪಿ ವಿಳಾಸ ಬದಲಾಗಿರುವುದಿಲ್ಲ.

ಮಂಡ್ಯದಿಂದ ಪಾಂಡವಪುರ, ಶ್ರೀರಂಗಪಟ್ಟಣ ದಾಟಿ ಮೈಸೂರಿಗೆ ರೈಲಿನಲ್ಲಿ ಬರುವವರ ಫೋನಿನಲ್ಲಿ ಬೇಸ್ ಸ್ಟೇಷನ್ ಮತ್ತೆ ಮತ್ತೆ ಬದಲಾದರೂ ನಡೆಯುತ್ತಿರುವ ಕರೆ ಕಡಿಯದಿರುವುದು ಇದೇ ತಿದ್ದುಪಡಿಯಿಂದ. ಹೊಸ ಜಿಎನ್‌ಬಿ ತನ್ನ ವಿಳಾಸವನ್ನೂ ಟಿಇಐಡಿಯನ್ನೂ ಎಎಂಎಫ್‌ಗೆ ಕೊಡುತ್ತದೆ, ಎಸ್‌ಎಂಎಫ್ ಯುಪಿಎಫ್‌ನ ಎಫ್‌ಎಆರ್‌ನಲ್ಲಿ ಅದನ್ನು ಬದಲಿಸುತ್ತದೆ. ಹೊರ ಜಾಲಕ್ಕೆ ಮುಖಮಾಡಿರುವ ಯುಪಿಎಫ್ ಅದೇ ಇರುವುದರಿಂದ ಐಪಿಯೂ ಅದೇ.

ನಿರ್ಲಕ್ಷಿಸಬಾರದ ಲಕ್ಷಣಗಳು

ಯುಪಿಎಫ್ ಸೇವೆಯನ್ನು ಮಾತ್ರ ಮರುಚಾಲನೆ ಮಾಡಿದ ಮೇಲೆ ಎನ್3ರಲ್ಲಿ 26ನೇ ಮಾದರಿಯ ಜಿಟಿಪಿ ಸಂದೇಶ, ಅಂದರೆ ದೋಷ ಸೂಚನೆ, ಕಂಡರೆ ಜಿಎನ್‌ಬಿ ಇನ್ನೂ ಹಳೆಯ ಟಿಇಐಡಿಗೇ ಕಳಿಸುತ್ತಿದೆ ಎಂದರ್ಥ. ಯುಪಿಎಫ್ ತನ್ನ ನಿಯಮಗಳನ್ನೆಲ್ಲ ಮರೆತಿದೆ, ಮೊಬೈಲಿಗೆ ಮಾತ್ರ ವಿಳಾಸ ಹಾಗೆಯೇ ಇದೆ. ಅದು ತಾನಾಗಿ ಸರಿಹೋಗದಿದ್ದರೆ ಸೆಷನ್ನನ್ನು ಬಿಡುಗಡೆ ಮಾಡಿ ಮತ್ತೆ ಕೇಳಿ.

ಪಿಎಫ್‌ಸಿಪಿ ಹಾರ್ಟ್‌ಬೀಟ್‌ಗೆ ಉತ್ತರ ತಪ್ಪುತ್ತಿದ್ದರೆ ಇಂದಿನ ಸೆಷನ್‌ಗಳು ನಡೆಯುತ್ತಿದ್ದರೂ ಮುಂದಿನದು ಹುಟ್ಟುವುದಿಲ್ಲ. ಮೊಬೈಲ್ ಪ್ರಕ್ರಿಯೆಯನ್ನು ಬಲವಂತವಾಗಿ ಕೊಂದರೆ ಕೋರ್‌ನಲ್ಲಿ ಹಳೆಯ ಸೆಷನ್ ಉಳಿದುಕೊಳ್ಳುತ್ತದೆ. ಮುಗಿಸುವಾಗ ನೋಂದಣಿ ರದ್ದತಿಯ ಆದೇಶ ಕೊಟ್ಟೇ ಮುಗಿಸಿ. ಟನ್ ಇಂಟರ್‌ಫೇಸ್ ಹುಟ್ಟದೆ ಸೆಷನ್ ಮಾತ್ರ ಯಶಸ್ವಿ ಎಂದು ತೋರಿದರೆ ಮೊಬೈಲ್ ಪ್ರೋಗ್ರಾಂ ರೂಟ್ ಅಧಿಕಾರವಿಲ್ಲದೆ ಓಡುತ್ತಿದೆ.

ಎಲ್ಲವೂ ಸರಿಯಾಗಿ ನಡೆದ ದಿನ ನೋಂದಣಿಯಿಂದ ಮೊದಲ ಪಿಂಗಿನವರೆಗಿನ ಪ್ಯಾಕೆಟ್ ಸಂಗ್ರಹವನ್ನೂ ಆ ದಿನದ ಕಡತಗಳನ್ನೂ ಒಟ್ಟಿಗೆ ಒಂದು ಫೋಲ್ಡರಿನಲ್ಲಿ ಉಳಿಸಿಡಿ. ಮುಂದೆ ಯಾವಾಗಲಾದರೂ ಸೆಷನ್ ನಿಂತಾಗ ಹೊಸ ಸಂಗ್ರಹವನ್ನು ಇದರ ಪಕ್ಕದಲ್ಲಿ ತೆರೆದು, ಮೊದಲ ಸಂದೇಶದಿಂದ ಹೋಲಿಸುತ್ತಾ ಬನ್ನಿ; ಎರಡೂ ಬೇರೆಯಾಗುವ ಮೊದಲ ಸಾಲಿನಿಂದ ಹುಡುಕಾಟ ಆರಂಭಿಸಿ.